ಹಾಡು ಬಾಯಿ ಬಿಡುವ ಮುಂಚೆ

ಎಡಗಿವಿಯ ಮೆತ್ತೆ ಹರಿದಿದೆ, ಒಳಗಿನ ಸ್ಪಂಜು ಹೊರಗೆ ಇಣುಕಿ ಕಿವಿಯಂಚಿಗೆ ಕಚಗುಳಿ ಇಡುತ್ತಿದೆ, ಅದರ ಮೇಲೆ ಯಾರದೋ ತಲೆಯೆಣ್ಣೆಯ ವಾಸನೆ ಬೇರೆ, ನಿನ್ನೆ ಈ ಹೆಡ್‌ಫೋನ್ ಹಾಕಿಕೊಂಡು ಕೂತವನು ಮಾತಿಗಿಂತ ಎಣ್ಣೆಯನ್ನೇ ಧಾರಾಳವಾಗಿ ಸುರಿಸಿರಬೇಕು — ಬೇರೆ ಕೊಡಿ ಅನ್ನಬಹುದು, ಅನ್ನಲಾರಳು, ಕೊನೆಯ ಅವಕಾಶಕ್ಕೆ ಬಂದವಳು ಹೆಡ್‌ಫೋನ್ ಸರಿಯಿಲ್ಲ ಅಂದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಡಿಕೊಳ್ಳುತ್ತಾರೆ, ಇರಲಿ, ಕಚಗುಳಿಯೇ ಇರಲಿ, ನಿದ್ದೆಯಂತೂ ಬರುವುದಿಲ್ಲ. ಮುಂದೆ ಉದ್ದಕ್ಕೂ ಗಾಜು, ಗಾಜಿನಾಚೆ ಕೆಳಗೆ ಹಸಿರು ಮೈದಾನ, ಹುಡುಗಿಯರ ಫುಟ್‌ಬಾಲ್ ಲೀಗಿನ ಫೈನಲ್, ಕೆಂಪಂಗಿಯವರು ಆ ಕಡೆ, ಹಳದಿಯವರು ಈ ಕಡೆ, ಇಳಿಬಿಸಿಲು ಓರೆಯಾಗಿ ಬಿದ್ದು ಗಾಜಿನಲ್ಲಿ ಮೈದಾನದ ಜೊತೆಗೆ ಅವಳ ಮುಖವೂ ತೇಲುತ್ತಿದೆ, ಮಧ್ಯದ ಗೆರೆ ಸರಿಯಾಗಿ ಅವಳ ಮೂಗಿನ ಮೇಲೇ ಹಾದುಹೋಗಿದೆ, ಪಕ್ಕದ ಕುರ್ಚಿಯಲ್ಲಿ ಹಳೇ ಗೋಲ್‌ಕೀಪರ್, ಆಟ ಬಿಟ್ಟು ಎಷ್ಟೋ ವರ್ಷವಾದರೂ ಬೆರಳುಗಳು ಚೆಂಡು ಹಿಡಿದ ಹಾಗೇ ಸೊಟ್ಟಗೆ ನಿಂತುಬಿಟ್ಟಿವೆ, ಆ ಬೆರಳಲ್ಲಿ ಗಂಟಲಿನ ಮಿಠಾಯಿಯ ಕಾಗದ ಬಿಡಿಸಲು ಒದ್ದಾಡುತ್ತ, ಏನ್ ಮೇಡಂ, ಇವತ್ತೂ ಬ್ರೇಕ್ ಇದೆಯಾ, ಇದ್ರೆ ಮೊದಲೇ ಹೇಳ್ಬಿಡಿ, ನಾನೂ ಒಂದು ಟೀ ಕುಡ್ಕೊಂಡು ಬರ್ತೀನಿ. ಅವಳು ನಗುತ್ತಾಳೆ, ನಗದೆ ಏನು ಮಾಡುತ್ತಾಳೆ, ಊರೆಲ್ಲ ನಕ್ಕಾಗಿದೆ, ಇವನೊಬ್ಬ ಬಾಕಿ.

ಹೋದ ತಿಂಗಳು ಟೀವಿಯಲ್ಲಿ ಆಟ ಹೇಳಲು ಕೂತ ಅವಳ ಮೊದಲ ಮ್ಯಾಚು, ಇದೇ ಹಳದಿ ತಂಡ, ಇದೇ ಹನ್ನೊಂದನೇ ನಂಬರಿನ ಹುಡುಗಿ, ಕಡ್ಡಿಯಂಥವಳು, ಪೆನಾಲ್ಟಿ ಹೊಡೆಯಲು ಚೆಂಡನ್ನು ಚುಕ್ಕಿಯ ಮೇಲಿಟ್ಟು ಹಿಂದೆ ಸರಿದಳು, ಮೈದಾನಕ್ಕೆ ಮೈದಾನವೇ ತೆಪ್ಪಗಾಯಿತು, ಆ ಮೌನ ಕಿವಿಗೆ ಹೊಕ್ಕ ಕೂಡಲೇ ಹಳೆಯ ಗಾಬರಿ ಎದ್ದಿತು, ಸದ್ದು ನಿಂತಿದೆ, ಜನ ಚಾನೆಲ್ ಬದಲಾಯಿಸುತ್ತಾರೆ, ಏನಾದರೂ ಹೇಳು, ಏನಾದರೂ — ಬಾಯಿ ತಾನೇ ತೆರೆದುಕೊಂಡಿತು, ಎಲ್ಲೂ ಹೋಗ್ಬೇಡಿ, ಹೀಗೆ ಹೋಗಿ ಹಾಗೆ ಬಂದ್ಬಿಡ್ತೀವಿ! ವರ್ಷಗಟ್ಟಲೆ ಹಾಡಿನ ಚಾನೆಲ್‌ನಲ್ಲಿ ದಿನಾ ಹೇಳಿದ ಮಾತು, ಊರ ಮಕ್ಕಳೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು, ಏ ನೋಡ್ರೋ, ಎಲ್ಲೂ ಹೋಗ್ಬೇಡಿ ಹೋಗ್ತಿದ್ದಾರೆ. ಅಷ್ಟೇ ಆಗಿದ್ದರೆ ನಾಲಿಗೆ ತಪ್ಪಿತು ಅಂತ ದಾಟಿಸಬಹುದಿತ್ತು, ಆದರೆ ಕೆಳಗಿನ ಕೋಣೆಯಲ್ಲಿ ಜಾಹೀರಾತಿನ ಗುಂಡಿ ಒತ್ತುವವನೂ ಅದೇ ಹಾಡಿನ ಚಾನೆಲ್‌ನಿಂದ ಬಂದವನು, ಎಲ್ಲರೂ ಅವನನ್ನು ಗುಂಡಿ ಅಂತಲೇ ಕರೆಯುವುದು, ಆ ಮಾತು ಕಿವಿಗೆ ಬಿದ್ದ ತಕ್ಷಣ ಜಾಹೀರಾತು ಬಿಡುವುದು ಅವನ ಬೆರಳಿಗೆ ಹುಟ್ಟುಗುಣದಂತೆ ಅಂಟಿಕೊಂಡಿತ್ತು, ಒತ್ತಿಯೇಬಿಟ್ಟ. ಹುಡುಗಿ ಓಡಿ ಬಂದು ಒದ್ದ ಗಳಿಗೆಯಲ್ಲಿ ಟೀವಿಯಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುವ ಪುಡಿಯನ್ನು ಮುದ್ದಾಡುತ್ತಿದ್ದಳು, ವಾಪಸ್ ಬರುವಷ್ಟರಲ್ಲಿ ಗೋಲಾಗಿ, ಕುಣಿದು ಮುಗಿಸಿ, ಎಲ್ಲರೂ ಸಾಕ್ಸು ಎಳೆದುಕೊಳ್ಳುತ್ತಿದ್ದರು. ಫೋನು ಫೋನಿನಲ್ಲೂ ಆ ತುಣುಕು ಓಡಾಡಿತು. ಈ ಆಟದ ಚಾನೆಲ್‌ನ ಮುಖ್ಯಸ್ಥರು ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು, ಕನ್ನಡಕ ತೆಗೆದು ಒರೆಸುತ್ತ, ಫೈನಲ್ ಒಂದು ಮಾಡಿ, ಆಮೇಲೆ ನೋಡೋಣ, ಅಂದರು — ನೋಡೋಣ ಅನ್ನುವುದಕ್ಕೆ ಅರ್ಧ ಊರಲ್ಲಿ ಇಲ್ಲ ಅಂತಲೇ ಅರ್ಥ. ಗುಂಡಿ ಇವತ್ತು ಮೆಟ್ಟಿಲಲ್ಲಿ ಕೈಮುಗಿದೇಬಿಟ್ಟ, ಅಕ್ಕಾ, ಏನ್ ಬೇಕಾದ್ರೂ ಮಾತಾಡಿ, ಆ ಮಾತೊಂದು ಮಾತ್ರ ಬೇಡ, ನನ್ನ ಬೆರಳು ನನ್ನ ಮಾತೇ ಕೇಳಲ್ಲ.

ಚೆಂಡು ಎಡಗಡೆಗೆ ಬಂತು, ಕೆಂಪಿನವಳು ತಡೆದಳು, ಹೊರಗೆ ಹೋಯಿತು, ಬಾಯಿ ತನ್ನಷ್ಟಕ್ಕೆ ಹೇಳಿಕೊಂಡು ಹೋಗುತ್ತಿದೆ, ಪರವಾಗಿಲ್ಲ, ಚೆನ್ನಾಗಿಯೇ ಹೇಳುತ್ತಿದೆ, ಹಳೇ ಗೋಲ್‌ಕೀಪರ್ ನಡುನಡುವೆ ಒಂದು ಒಗ್ಗರಣೆ ಹಾಕುತ್ತಾನೆ, ಅವನು ಮಾತಾಡುವಾಗ ಅವಳಿಗೆ ಉಸಿರು ತೆಗೆದುಕೊಳ್ಳಲು ಬಿಡುವು, ಬಿಡುವಾದರೆ ಮನಸ್ಸು ಮನೆಗೆ ಓಡುತ್ತದೆ, ಅಪ್ಪ ಈಗ ಕುರ್ಚಿ ಎಳೆದುಕೊಂಡು ಟೀವಿ ಮುಂದೆ ಕೂತಿರುತ್ತಾರೆ, ಸೌಂಡ್ ಇಟ್ಟಿದ್ದಾರೋ ಇಲ್ಲವೋ. ಅಪ್ಪ ಜನ್ಮದಲ್ಲಿ ಸೌಂಡ್ ಇಟ್ಟು ಆಟ ನೋಡಿದವರಲ್ಲ. ಅಚ್ಚಿನ ಮನೆಯಲ್ಲಿ ದಿನವೆಲ್ಲ ಯಂತ್ರದ ಗಡಗಡ, ಮನೆಗೆ ಬಂದಮೇಲೂ ಅವರ ಕಿವಿಯಲ್ಲಿ ಕಾಗದ ಕತ್ತರಿಸುತ್ತಲೇ ಇರುತ್ತಿತ್ತಂತೆ, ಕೈಗೆ ಹತ್ತಿದ ಮಸಿಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಟೀವಿ ಹಾಕಿ, ಮೊದಲ ಕೆಲಸ ಸದ್ದು ತೆಗೆಯುವುದು, ಕಣ್ಣಿಗೆ ಕಾಣೋದನ್ನ ಇನ್ನೊಬ್ಬ ಬಂದು ಯಾಕೆ ಹೇಳ್ಬೇಕು, ನಾವೇನು ಕುರುಡರಾ. ಮೂಕ ಟೀವಿಯಲ್ಲಿ ಆಟಗಾರರು ಬಾಯಿ ಬಿಟ್ಟು ಕೂಗುತ್ತಿದ್ದರು, ಜನ ಎದ್ದು ಕುಣಿಯುತ್ತಿದ್ದರು, ಸದ್ದೇ ಇಲ್ಲ, ಏಳೆಂಟು ವರ್ಷದ ಇವಳಿಗೆ ತಡೆಯಲಾಗುತ್ತಿರಲಿಲ್ಲ, ಅಪ್ಪನ ಮಂಡಿಗೆ ಬೆನ್ನು ಕೊಟ್ಟು ಕೂತು ಪಿಸುಮಾತಲ್ಲಿ ಶುರು ಮಾಡಿದಳು, ಅಗೋ ಆ ಗಡ್ಡದವನು ಬಂದ, ಅಯ್ಯೋ ಬಿದ್ದ, ಬಿದ್ದ ಅಂತ ನಾಟಕ ಮಾಡ್ತಿದ್ದಾನೆ ಕಳ್ಳ. ಅಪ್ಪ ಸುಮ್ಮನಿರು ಅನ್ನಲಿಲ್ಲ. ಒಂದು ಸಲ ಅವಳ ಗಂಟಲು ಊದಿಕೊಂಡು ಮಾತು ನಿಂತಾಗ ಅಪ್ಪ ಆಟದ ಮಧ್ಯೆ ಕೆಳಗೆ ಬಗ್ಗಿ ನೋಡಿ, ಯಾಕಮ್ಮ, ಇವತ್ತು ಸೌಂಡ್ ಇಲ್ಲ, ಅಂದರು, ಅವತ್ತಿನಿಂದ ಮನೆಯಲ್ಲಿ ಅವಳ ಹೆಸರೇ ಸೌಂಡು, ಸ್ಕೂಲಿನಿಂದ ಬರುವುದು ತಡವಾದರೆ ಬಾಗಿಲಲ್ಲಿ ನಿಂತು, ಸೌಂಡ್ ಇನ್ನೂ ಬಂದಿಲ್ವಾ. ಅಮ್ಮ ಒಳಗಿನಿಂದ, ಬರೋದು ಕೇಳ್ಸುತ್ತೆ ಬಿಡಿ, ಊರಿಗೆ ಮುಂಚೆ ನಮಗೆ ಕೇಳ್ಸುತ್ತೆ.

ಅಂಥ ಅಪ್ಪ ಹೋದ ತಿಂಗಳು ಜೀವನದಲ್ಲಿ ಮೊದಲ ಸಲ ಸೌಂಡ್ ಇಟ್ಟು ಕೂತಿದ್ದರಂತೆ, ಇವಳಿಗೋಸ್ಕರ, ತೊಳೆದ ಅಂಗಿ ಹಾಕಿಕೊಂಡು, ತಮ್ಮ ಆಮೇಲೆ ಹೇಳಿದ. ಆ ಜಾಹೀರಾತು ಬಂದಾಗ ಅಪ್ಪ ರಿಮೋಟ್ ತಗೊಂಡು ಸದ್ದು ತೆಗೆದುಬಿಟ್ಟರಂತೆ, ಆಮೇಲೆ ಇಡೀ ಮ್ಯಾಚು ಮೂಕವಾಗಿಯೇ. ಅವಳಿಗೆ ಉಳಿದವರ ನಗು ಯಾವುದೂ ಚುಚ್ಚಲಿಲ್ಲ, ಮುಖ್ಯಸ್ಥರ ನೋಡೋಣವೂ ಚುಚ್ಚಲಿಲ್ಲ, ಅಪ್ಪನ ಹೆಬ್ಬೆರಳು ಆ ರಿಮೋಟಿನ ಮೇಲೆ ಕೂತದ್ದು ಮಾತ್ರ ಮುಳ್ಳು ಮುರಿದ ಹಾಗೆ ಒಳಗೇ ಉಳಿಯಿತು. ಇವತ್ತು ಬೆಳಿಗ್ಗೆ ಫೋನ್ ಮಾಡಿ, ಅಪ್ಪಾ, ಸಾಯಂಕಾಲ ಮ್ಯಾಚ್ ಇದೆ ಅಂದಳು, ಹ್ಞೂಂ ಅಂದರು, ಹ್ಞೂಂ ಎಂದರೆ ನೋಡುತ್ತೇನೆ ಅಂತ, ಕೇಳುತ್ತೇನೆ ಅಂತ ಅಲ್ಲ, ನೋಡುವುದಕ್ಕೂ ಕೇಳುವುದಕ್ಕೂ ಇರುವ ದೂರ ಅವಳಷ್ಟು ಯಾರಿಗೆ ಗೊತ್ತು — ಗೋಲ್! ಕೆಂಪಿನವರದ್ದು, ಬಲಮೂಲೆಯಿಂದ, ತಲೆಯಲ್ಲಿ ತಳ್ಳಿದಳು, ಬಾಯಿ ಕೂಗುತ್ತಿದೆ, ಕೂಗಿದ್ದು ಹೆಚ್ಚಾಯಿತಾ, ಕೂಗಲಿ, ಹಳೇ ಗೋಲ್‌ಕೀಪರ್ ಆ ಕೀಪರ್ ಹುಡುಗಿಯ ಪರವಾಗಿ ನೊಂದುಕೊಂಡು, ಬಿಸಿಲು ಕಣ್ಣಿಗೆ ಹೊಡೀತು ಪಾಪ, ಅನ್ನುತ್ತಾನೆ, ಅವನಿಗೆ ಯಾವ ತಂಡವೂ ಇಲ್ಲ, ಕೀಪರ್‌ಗಳೇ ಅವನ ಜಾತಿ.

ಹಾಡಿನ ಚಾನೆಲ್‌ಗೆ ಅವಳು ಸೇರಿದ್ದು ಕಾಲೇಜು ಮುಗಿದ ವರ್ಷ, ಹಾಡಲು ಬರುತ್ತಿತ್ತು ಅಂತಲ್ಲ, ಹಾಡಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಿದ್ದರು, ಮಾತಾಡಲು ಬರುತ್ತಿತ್ತು, ಅಷ್ಟೇ. ಅಲ್ಲಿ ಕಾರ್ಯಕ್ರಮ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಚಿಕ್ಕಮ್ಮ ಅನ್ನುತ್ತಿದ್ದರು, ಅಮ್ಮನ ತಂಗಿ ಅನ್ನುವ ಅರ್ಥದಲ್ಲಲ್ಲ, ಮಲತಾಯಿ ಅನ್ನುವ ಅರ್ಥದಲ್ಲಿ. ಚಿಕ್ಕಮ್ಮನ ಹತ್ತಿರ ಎರಡೇ ಪಾಠ. ಮೊದಲನೆಯದು, ಸದ್ದು ನಿಂತರೆ ಸತ್ತ ಹಾಗೆ, ಫೋನ್ ಮಾಡಿದವನು ತೊದಲಿದರೂ ನೀನು ತುಂಬಿಸು, ಕ್ಯಾಸೆಟ್ ಸಿಕ್ಕಿಕೊಂಡರೂ ನೀನು ತುಂಬಿಸು, ದೀಪ ಹೋದರೂ ಕತ್ತಲಲ್ಲೇ ತುಂಬಿಸು, ಹಾಗೆ ತುಂಬಿಸುವುದಕ್ಕೇ ಹುಟ್ಟಿದ್ದು ಎಲ್ಲೂ ಹೋಗ್ಬೇಡಿ. ಎರಡನೆಯದು ಹಾಡಿನ ಪಾಠ, ಹಾಡಿಗೆ ಮುಂಚಿನ ವಾದ್ಯದ ಮೇಲೆ ನಿನ್ನ ಮಾತು ಓಡಬಹುದು, ಆದರೆ ಹಾಡು ಬಾಯಿ ಬಿಡುವ ಮುಂಚೆ ನೀನು ಬಾಯಿ ಮುಚ್ಚಿರಬೇಕು, ಒಂದಕ್ಷರ ಹಾಡಿನ ಮೇಲೆ ಬಿತ್ತೋ, ಅನ್ನದಲ್ಲಿ ಕಲ್ಲು. ಮೊದಮೊದಲು ಅವಳು ಗಡಿಯಾರದ ಮುಳ್ಳು ನೋಡಿಕೊಂಡು ಮಾತು ಮುಗಿಸಲು ಹೋಗಿ ದಿನಾ ಎಡವಿದಳು, ಚಿಕ್ಕಮ್ಮ ಒಂದು ಮಧ್ಯಾಹ್ನ ಗಡಿಯಾರವನ್ನೇ ಗೋಡೆಯಿಂದ ಕಿತ್ತು ಮೇಜಿನ ಡ್ರಾಯರಿಗೆ ಹಾಕಿ, ಟೀವಿ ಮುಂದೆ ಕೂರಿಸಿ ಒಬ್ಬ ಹಾಡುಗಾರ್ತಿಯ ಚಿತ್ರ ಹಾಕಿದಳು, ನೋಡೇ, ಹಾಡೋಳ ಬಾಯಿ ನೋಡ್ಬೇಡ, ಭುಜ ನೋಡು. ನೋಡಿದಳು. ವಾದ್ಯ ನಡೆಯುತ್ತಿದೆ, ಹಾಡುಗಾರ್ತಿ ಸುಮ್ಮನೆ ನಿಂತಿದ್ದಾಳೆ, ಎಲ್ಲೋ ನೋಡುತ್ತಿದ್ದಾಳೆ, ಇದ್ದಕ್ಕಿದ್ದ ಹಾಗೆ ಎರಡೂ ಭುಜ ಒಂದು ಬೆರಳಿನಷ್ಟು ಮೇಲೆದ್ದವು, ಉಸಿರು, ಆಮೇಲೆ ಹಾಡು. ಕಂಡಿತಾ, ಭುಜ ಎದ್ದರೆ ನೀನು ಇಲ್ಲ, ತಿಳೀತಾ, ಆ ಉಸಿರು ಅವಳದ್ದು, ಅದನ್ನ ಕದೀಬೇಡ. ಆಮೇಲೆ ಅವಳು ಎಷ್ಟು ಭುಜ ನೋಡಿದಳು, ದಪ್ಪ ಭುಜ, ಮೂಳೆ ಕಾಣುವ ಭುಜ, ಸೆರಗಿನ ಕೆಳಗೆ ಮುಚ್ಚಿಟ್ಟ ಭುಜ, ಎಲ್ಲವೂ ಏಳುವಾಗ ಒಂದೇ ಥರ, ಅವಳ ಮಾತು ಆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುವುದನ್ನು ಕಲಿಯಿತು.

ಆಮೇಲೆ ಜನ ಹಾಡನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುವ ಕಾಲ ಬಂತು, ಮುಂದಿನ ಹಾಡು ಯಾವುದೋ ಅಂತ ಟೀವಿ ಮುಂದೆ ಕಾಯುವವರು ಯಾರು, ಚಾನೆಲ್ ಮುಚ್ಚಿತು. ಕೊನೆಯ ದಿನವೂ ಅವಳು ಹೀಗೆ ಹೋಗಿ ಹಾಗೆ ಬಂದ್ಬಿಡ್ತೀವಿ ಅಂತಲೇ ಹೇಳಿದಳು, ಹೋಗ್ತೀವಿ ಅನ್ನಲು ನಾಲಿಗೆ ಬರಲಿಲ್ಲ. ಮದುವೆಯೂ ಒಂದಾಗಿತ್ತು, ಅದೂ ಅದೇ ಸುಮಾರಿಗೆ ಒಂದು ಬ್ರೇಕಿಗೆ ಅಂತ ಹೋಗಿ ವಾಪಸ್ ಬರಲಿಲ್ಲ. ಅಂಗಡಿ ಉದ್ಘಾಟನೆಗಳಲ್ಲಿ ಮೈಕ್ ಹಿಡಿದಳು, ಲಿಫ್ಟುಗಳಿಗೆ ದನಿ ಕೊಟ್ಟಳು, ಬಾಗಿಲು ಮುಚ್ಚುತ್ತಿದೆ, ಬಾಗಿಲು ತೆರೆಯುತ್ತಿದೆ, ಆಸ್ಪತ್ರೆಯ ಲಿಫ್ಟಿನಲ್ಲಿ ಅಪ್ಪ ಅದನ್ನು ಕೇಳಿ ಪಕ್ಕದಲ್ಲಿದ್ದ ನರ್ಸಮ್ಮನಿಗೆ, ನಮ್ಮ ಮಗಳು, ಅಂದರಂತೆ, ಆ ನರ್ಸಮ್ಮ ಯಾರು, ಎಲ್ಲಿ, ಅಂತ ಸುತ್ತ ಹುಡುಕಿದಳಂತೆ. ಹೀಗೇ ಒಂದು ದಿನ ಈ ಲೀಗಿನ ಮೈದಾನದಲ್ಲಿ ಆಟಗಾರ್ತಿಯರ ಹೆಸರು ಕೂಗಲು ಕರೆದರು, ಹೆಸರು ಕೂಗಿ ಸುಮ್ಮನಾಗಬೇಕಾದವಳು ಚೆಂಡು ಉರುಳಿದ್ದೇ ತಡ ಅಪ್ಪನ ಮಂಡಿಯ ಹತ್ತಿರ ಕೂತ ಹಾಗೆ ಶುರು ಮಾಡಿಬಿಟ್ಟಳು, ಅಗೋ ಬಂದಳು, ಅಯ್ಯೋ ಬಿದ್ದಳು, ಯಾರೂ ನಿಲ್ಲಿಸಲಿಲ್ಲ, ಜನ ತಿರುಗಿ ತಿರುಗಿ ದನಿ ಎಲ್ಲಿಂದ ಬರುತ್ತಿದೆ ಅಂತ ನೋಡಿದರು, ಅದನ್ನು ಕೇಳಿಯೇ ಆಮೇಲೆ ಟೀವಿಯವರು ಕರೆದದ್ದು, ಆ ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವಳಿಗೆ ಆದ ಸಂತೋಷ ಹಾಡಿನ ಚಾನೆಲ್‌ನ ಎಲ್ಲ ವರ್ಷಗಳಲ್ಲೂ ಆಗಿರಲಿಲ್ಲ. ತನಗೆ ಬೇಕಾದ ಕೆಲಸ ಇದೇ, ಮೊದಲಿನಿಂದಲೂ ಇದೇ ಆಗಿತ್ತು, ಸುತ್ತಿ ಬಳಸಿ ಬರುವಷ್ಟರಲ್ಲಿ ತಲೆಯಲ್ಲಿ ನಾಲ್ಕು ಬಿಳಿಕೂದಲು ಬಂದವು, ಬರಲಿ, ಅದಕ್ಕೇ ಇದನ್ನು ಕಳೆದುಕೊಳ್ಳಲು ಇಷ್ಟವಿಲ್ಲ, ಬೇರೆ ಏನನ್ನಾದರೂ ಕಿತ್ತುಕೊಳ್ಳಲಿ, ಇದೊಂದು ಬೇಡ.

ಹಳದಿಯವರು ಸಮ ಮಾಡಿದರು, ಒಂದಕ್ಕೆ ಒಂದು, ಅವಳು ಚೆನ್ನಾಗಿಯೇ ಹೇಳಿದಳು, ಹಳೇ ಗೋಲ್‌ಕೀಪರ್ ಹೆಬ್ಬೆರಳು ಎತ್ತಿ ತೋರಿಸಿದ, ಅವನ ಹೆಬ್ಬೆರಳೂ ಸೊಟ್ಟ, ಹೊಗಳಿದನೋ ದಾರಿ ತೋರಿಸಿದನೋ ತಿಳಿಯುವುದಿಲ್ಲ. ಮೈದಾನದ ನೆರಳು ಈ ಕಡೆಯ ಗೋಲಿನ ತನಕ ಬಂತು, ಆಟ ಮುಗಿಯುತ್ತ ಬಂದಿದೆ, ಎಲ್ಲರ ಕಾಲೂ ಸೋತಿದೆ, ಆಗ ಹನ್ನೊಂದನೇ ನಂಬರಿನವಳು ಇಬ್ಬರ ಮಧ್ಯೆ ನುಗ್ಗಿದಳು, ಕೆಂಪಿನವಳ ಕಾಲು ಅಡ್ಡ ಬಂತು, ಬಿದ್ದಳು, ಸೀಟಿ, ರೆಫರಿಯ ಕೈ ಚುಕ್ಕಿಯ ಕಡೆ — ಪೆನಾಲ್ಟಿ. ಕಿವಿಯಲ್ಲಿ, ಕೆಳಗಿನ ಕೋಣೆಯಿಂದ, ನಿರ್ದೇಶಕ, ಮೇಡಂ, ಹುಷಾರು. ಇದೇ ಹುಡುಗಿ, ಹೋದ ತಿಂಗಳ ಮ್ಯಾಚು ಮುಗಿದಮೇಲೆ ಓಣಿಯಲ್ಲಿ ಎದುರಾಗಿದ್ದಳು, ಮಂಡಿಗೆ ಮಣ್ಣು, ಕೈಯಲ್ಲಿ ಬೂಟು, ಇವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು, ಹುಡುಗಿ ತಡೆದು ನಿಂತು, ಮೇಡಂ, ನಮ್ಮನೇಲಿ ಎಲ್ರೂ ಕೆಲಸ ಬಿಟ್ಟು ಟೀವಿ ಮುಂದೆ ಕೂತಿದ್ರು, ನನ್ನ ಗೋಲ್ ಯಾರೂ ನೋಡ್ಲಿಲ್ಲ, ಸೋಪಿನ ಪುಡಿ ನೋಡಿದ್ರು, ಅಂದಳು, ಕೋಪವೇ ಇಲ್ಲ, ನಕ್ಕೇಬಿಟ್ಟಳು, ಪರವಾಗಿಲ್ಲ ಬಿಡಿ ಮೇಡಂ, ಇನ್ನೊಂದು ಹೊಡೀತೀನಿ. ಆ ಇನ್ನೊಂದು ಈಗ ಬಂದಿದೆ. ಹುಡುಗಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಚುಕ್ಕಿಯ ಮೇಲಿಡುತ್ತಾಳೆ, ತೃಪ್ತಿಯಿಲ್ಲ, ತೆಗೆದು ಮತ್ತೆ ಇಡುತ್ತಾಳೆ, ಹಿಂದೆ ಸರಿಯುತ್ತಾಳೆ, ಸುತ್ತಲಿನ ಸದ್ದು ಒಂದೊಂದಾಗಿ ಆರುತ್ತದೆ, ಡೋಲು ನಿಂತಿತು, ಪೀಪಿ ನಿಂತಿತು, ಬಂತು ಅದೇ ಮೌನ, ಅದರ ಹಿಂದೆಯೇ ಅದೇ ಗಾಬರಿ, ತುಂಬಿಸು, ತುಂಬಿಸು, ನಾಲಿಗೆಯ ತುದಿಗೆ ಎಲ್ಲೂ ಹೋಗ್ಬೇಡಿ ಬಂದು ಕೂತಿದೆ, ಕೆಳಗೆ ಗುಂಡಿಯ ಬೆರಳು ಅದನ್ನೇ ಕಾಯುತ್ತಿರುತ್ತದೆ, ಮನೆಯಲ್ಲಿ ಅಪ್ಪನ ಹೆಬ್ಬೆರಳು, ಕಿವಿಯಲ್ಲಿ ನಿರ್ದೇಶಕ, ಮಾತು ಬರಲಿ ಮೇಡಂ, ಏನಾದ್ರೂ ಹೇಳಿ, ಏನಾದರೂ, ಏನು, ಹುಡುಗಿ ಸೊಂಟದ ಮೇಲಿನ ಕೈ ಕೆಳಗಿಳಿಸಿದಳು, ಎಲ್ಲೋ ನೋಡುತ್ತಿದ್ದಾಳೆ, ಹಳದಿ ಅಂಗಿಯೊಳಗೆ ಆ ಎರಡು ಕಡ್ಡಿ ಭುಜ —

ಎದ್ದವು. ಒಂದು ಬೆರಳಿನಷ್ಟು. ಭುಜ ಎದ್ದರೆ ನೀನು ಇಲ್ಲ. ಅವಳ ಬಾಯಿ ಮುಚ್ಚಿಕೊಂಡಿತು, ಯಾರೂ ಹೇಳಬೇಕಾಗಲಿಲ್ಲ, ಇಷ್ಟು ದಿನ ಮೈದಾನದಲ್ಲಿ ಹಾಡೆಲ್ಲಿದೆ ಅಂದುಕೊಂಡು ಚಿಕ್ಕಮ್ಮನ ಅರ್ಧ ಪಾಠವನ್ನೇ ಹೊತ್ತು ತಂದಿದ್ದಳು, ಉಳಿದರ್ಧ ಈ ಹುಡುಗಿಯ ಭುಜದ ಮೇಲಿತ್ತು, ಹಳೇ ಗೋಲ್‌ಕೀಪರ್ ಏನೋ ಹೇಳಲು ಹೊರಟ, ಅವನ ಸೊಟ್ಟ ಬೆರಳುಗಳ ಮೇಲೆ ಕೈಯಿಟ್ಟು ಒತ್ತಿದಳು, ಅವನು ಸುಮ್ಮನಾದ, ಹುಡುಗಿ ಓಡಿದಳು, ಬೂಟು ಚೆಂಡಿಗೆ ಬಡಿದ ಸದ್ದು, ಆ ಒಂದು ಸದ್ದು, ಮೇಲಿನ ತನಕ ಕೇಳಿಸಿತು, ಬಲೆ ಉಬ್ಬಿತು. ಆಮೇಲೆ ಜನ. ಅವಳು ಮಾತಾಡುವುದಿಲ್ಲ. ಗಾಜು ನಡುಗುತ್ತಿದೆ, ಮೇಜಿನ ಮೇಲೆ ನೀರಿನ ಬಾಟಲಿ ತಾನಾಗಿ ಸರಿಯುತ್ತಿದೆ, ಹುಡುಗಿ ಎರಡೂ ಕೈ ಚಾಚಿ ಎಲ್ಲಿಗೆ ಓಡಬೇಕು ಅಂತ ತಿಳಿಯದೆ ಸುತ್ತುತ್ತಿದ್ದಾಳೆ, ಅವಳ ಮನೆಯವರು ಈಗ ಇದನ್ನು ನೋಡುತ್ತಿದ್ದಾರೆ, ಸೋಪಿನ ಪುಡಿಯಲ್ಲ, ಇದನ್ನು, ಕಿವಿಯಲ್ಲಿ ನಿರ್ದೇಶಕ, ಏನಾಯ್ತು, ಮೈಕ್ ಹೋಯ್ತಾ, ಮೇಡಂ, ಮೇಡಂ, ಆಮೇಲೆ ಅವನ ದನಿಯೇ ತಗ್ಗಿತು, ಬೇಡ, ಬೇಡ, ಹಾಗೇ ಬಿಡಿ, ಚೆನ್ನಾಗಿದೆ, ಹಾಗೇ ಬಿಡಿ. ಹಳೇ ಗೋಲ್‌ಕೀಪರ್ ಕೈ ಬಿಡಿಸಿಕೊಳ್ಳಲಿಲ್ಲ, ಬಲೆಯ ಮುಂದೆ ಮಂಡಿಯೂರಿ ಕೂತ ಕೆಂಪಿನ ಕೀಪರ್ ಹುಡುಗಿಯನ್ನು ನೋಡುತ್ತ ಕಣ್ಣೊರೆಸಿಕೊಂಡ. ಮೇಜಿನ ಮೇಲಿನ ಫೋನು ಬೆಳಗಿತು, ತಮ್ಮನ ಮೆಸೇಜು, ಅಕ್ಕಾ, ಸೌಂಡ್ ಎಲ್ಲಿ ಹೋಯ್ತು ಸೌಂಡ್ ಎಲ್ಲಿ ಹೋಯ್ತು ಅಂತ ಅಪ್ಪ ರಿಮೋಟ್ ಒತ್ತಿ ಒತ್ತಿ ಪೂರ್ತಿ ಏರಿಸಿಬಿಟ್ಟಿದ್ದಾರೆ, ಮನೆ ಬಿದ್ದುಹೋಗುತ್ತೆ, ಬೇಗ ಮಾತಾಡೇ. ಹಾಗಾದರೆ ಸೌಂಡ್ ಇಟ್ಟಿದ್ದರು, ಮೊದಲಿನಿಂದಲೂ ಇಟ್ಟುಕೊಂಡೇ ಕೂತಿದ್ದರು, ಕೂಗು ಇಳಿಯುತ್ತಿದೆ, ಇನ್ನೇನು ಮಾತಿನ ಸರದಿ, ಗಾಜಿನಲ್ಲಿ ಮೈದಾನದ ಮೇಲೆ ತೇಲುತ್ತ ಒಬ್ಬ ಹೆಂಗಸು ಕೂತಿದ್ದಾಳೆ, ಹರಿದ ಹೆಡ್‌ಫೋನು, ನಾಲ್ಕು ಬಿಳಿಕೂದಲು, ಏನು ಹೇಳುತ್ತಾಳೋ ಅವಳಿಗೂ ಗೊತ್ತಿಲ್ಲ, ಎರಡೂ ಭುಜ, ಒಂದು ಬೆರಳಿನಷ್ಟು, ಮೇಲೆದ್ದಿವೆ